ಪಾಳಿಯ ಖಾತ್ರಿ ಇಲ್ಲ

ಆ ಕಂಪ್ಯೂಟರ್ ಪ್ರೋಗ್ರಾಮಿಗೆ ನಾನು ಕೊಟ್ಟದ್ದು ಹದಿನಾಲ್ಕು ಸಾವಿರ ರೂಪಾಯಿ. ಕೇಳಿದ್ದು ಇಪ್ಪತ್ತು. ಆರು ಸಾವಿರ ಇಳಿಸಿದೆನೆಂದು ಆವತ್ತು ನಿಪ್ಪಾಣಿಯಿಂದ ಬರುವಾಗ ಚಿಕ್ಕೋಡಿಯಲ್ಲಿ ಗಾಡಿ ನಿಲ್ಲಿಸಿ ಎರಡು ಕಪ್ ಚಹಾ ಕುಡಿದೆ. ಒಂದು ಬಾಯಾರಿಕೆಗೆ, ಇನ್ನೊಂದು ಖುಷಿಗೆ. ಆ ಆರು ಸಾವಿರದ ಜೊತೆ ಏನು ಹೋಯಿತು ಎಂಬುದು ನನ್ನ ಮಗಳ ಮದುವೆಯ ದಿನ ಗೊತ್ತಾಯಿತು. ನನ್ನ ಹೆಂಡತಿಯ ತವರು ಹೋಯಿತು.

ಯಾಕೆ ಇಳಿಸಿದೆ ಎಂದರೆ, ಇಳಿಸುವುದೇ ನನ್ನ ಕಸುಬು. ಹಾರೂಗೇರಿಯಲ್ಲಿ ನನ್ನದೊಂದು ಮಂಗಲ ಕಾರ್ಯಾಲಯ ಇದೆ. ಅಲಖನೂರಿನಿಂದ ಬರಿಗೈಯಲ್ಲಿ ಬಂದವನು. ಮೊದಲು ಮದುವೆ ಮನೆಗಳಿಗೆ ಅಡುಗೆಯ ಪಾತ್ರೆ ಬಾಡಿಗೆ ಕೊಡುತ್ತಿದ್ದೆ. ಆ ಪಾತ್ರೆಗಳಲ್ಲಿ ಮೊದಲನೆಯವು ನನ್ನವಲ್ಲ. ಮಂಗಸೂಳಿಯ ನನ್ನ ಹೆಂಡತಿಯ ಅಣ್ಣ ತನ್ನ ಮನೆಯ ಎರಡು ತಾಮ್ರದ ಹಂಡೆಗಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು ಇಳಿಸಿ, "ತಗೋರಿ ದಾಜಿ, ಇವಕ್ಕ ಮನ್ಯಾಗ ಬೂದಿ ಹಚ್ಚಿ ತಿಕ್ಕೂದಷ್ಟ ಕೆಲಸ ಇತ್ತು, ನಿಮ್ಮ ಕಡೆ ದುಡೀಲಿ" ಅಂದಿದ್ದ. ತಂಗಿಯ ಗಂಡನನ್ನು ನಮ್ಮ ಗಡಿಯ ಮಂದಿ ದಾಜಿ ಎನ್ನುತ್ತಾರೆ. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ, ಮಗಳು ಕರೆಯುವುದನ್ನು ಕೇಳಿ ಕೇಳಿ. ಅವನಿಗೆ ನಾಲ್ಕು ಎಕರೆ ದ್ರಾಕ್ಷಿ ತೋಟವಿತ್ತು, ಮಾತು ಕಡಿಮೆ ಇತ್ತು.

ನಮ್ಮ ಕಡೆಯ ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ಮೈಕಿನಲ್ಲಿ ಮಾನದ ಹೆಸರು ಕೂಗುತ್ತಾರೆ. ಕರೆದವರು ವೇದಿಕೆ ಹತ್ತಬೇಕು. ಹೆಗಲಿಗೆ ಟವಲ್, ತಲೆಗೆ ಟೋಪಿ, ಕೈಗೆ ತೆಂಗಿನಕಾಯಿ. ಆ ಟವಲನ್ನು ಎರಡು ತಿಂಗಳಲ್ಲಿ ಹೊಲದಲ್ಲಿ ಬೆವರು ಒರೆಸಿ ಹರಿಯುತ್ತಾರೆ. ಆದರೆ ಯಾರ ಹೆಸರು ಯಾರಿಗಿಂತ ಮುಂಚೆ ಬಂತು ಎಂಬುದು ಮೊಮ್ಮಕ್ಕಳ ಕಾಲದವರೆಗೂ ಹರಿಯುವುದಿಲ್ಲ. ಮೊದಲನೆಯ ಹೆಸರು ಸೋದರಮಾವನದು. ಅದರಲ್ಲಿ ಮಾತಿಲ್ಲ.

ನನ್ನ ಕಾರ್ಯಾಲಯದಲ್ಲಿ ಈ ಹೆಸರುಗಳದೇ ದೊಡ್ಡ ತಲೆನೋವಾಗಿತ್ತು. ಅರ್ಧ ಬೀಗರು ಮಿರಜ, ಸಾಂಗಲಿ ಕಡೆಯವರು. ಹೆಸರು ಕನ್ನಡದಲ್ಲೂ ಬೇಕು, ಮರಾಠಿಯಲ್ಲೂ ಬೇಕು. ಕರೆಯುವಾಗ ಹಿಂದಿನ ದೊಡ್ಡ ಪರದೆಯ ಮೇಲೆ ಅವರ ಫೋಟೋ ಬರಬೇಕು. ಮುಹೂರ್ತದ ಗಳಿಗೆಯವರೆಗೂ ಒಬ್ಬೊಬ್ಬರು ಬಂದು "ನಮ್ಮ ಕಾಕಾನ ಹೆಸರು ಹಾಕ್ರಿ" ಅನ್ನುತ್ತಲೇ ಇರುತ್ತಾರೆ. ಇದಕ್ಕೆಲ್ಲ ಒಂದು ಪ್ರೋಗ್ರಾಮ್ ಮಾಡಿಸೋಣವೆಂದು ನಿಪ್ಪಾಣಿಗೆ ಹೋದೆ. ಅಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಮೇಡಂ ಬಿಡುವಿನಲ್ಲಿ ಇಂಥ ಕೆಲಸ ಮಾಡಿಕೊಡುತ್ತಿದ್ದರು.

ಅವರು ಮೊದಲು ಮಾಡಿದ್ದು ಹೀಗಿತ್ತು: ಪಟ್ಟಿಯಲ್ಲಿ ಹೆಸರು ತುಂಬಿ ಒಂದು ಗುಂಡಿ ಒತ್ತಿದರೆ ಕಂಪ್ಯೂಟರ್ ಒಂದೊಂದೇ ಹೆಸರನ್ನು ಎತ್ತಿಕೊಂಡು, ಎರಡೂ ಭಾಷೆಯಲ್ಲಿ ಬರೆದು, ಫೋಟೋ ಪರದೆಗೆ ಹೊಂದಿಸಿ, ಕಿರಾಣಿ ಅಂಗಡಿಯ ಬಿಲ್ಲಿನಂಥ ಕಾಗದದ ಸುರುಳಿಯ ಮೇಲೆ ಅಚ್ಚು ಹಾಕುತ್ತಿತ್ತು. ಮೈಕಿನವನು ಸುರುಳಿ ಹಿಡಿದು ಮೇಲಿಂದ ಓದುವುದು. ಹೆಸರುಗಳ ಪಾಳಿ, ಅಂದರೆ ಸರದಿ, ಒಂದಿಷ್ಟೂ ತಪ್ಪುತ್ತಿರಲಿಲ್ಲ. ಆದರೆ ನಿಧಾನ.

"ಮೇಡಂ, ಇನ್ನೂರು ಹೆಸರಿಗೆ ಇದು ಅರ್ಧ ತಾಸು ತಗೋತೈತಿ. ಅಷ್ಟೊತ್ತಿಗೆ ಮಂದಿ ಉಂಡು, ಎಲಿ ಅಡಿಕಿ ಹಾಕ್ಕೊಂಡು, ಬಸ್ಸು ಹತ್ತಿರ್ತಾರ."

"ಒಂದು ಮುಗದ ಮ್ಯಾಲ ಒಂದು ಮಾಡತೈತ್ರಿ ಕಾಕಾ, ಅದಕ್ಕ. ನಾಕು ಕೆಲಸಾ ಒಮ್ಮೆಲೇ ನಡಿಯುವಂಗ ಮಾಡಬಹುದು. ಆದ್ರ..."

"ಆದ್ರ ಅಂದಕೂಡಲೇ ರೇಟು ಏರತೈತಿ ಅಂತ ನನಗ ಗೊತ್ತೈತಿ. ನಾ ಮೂವತ್ತು ವರ್ಷ ಇದ ವ್ಯಾಪಾರ ಮಾಡೇನಿ."

ಮೇಡಂ ನಕ್ಕರು. ಆಮೇಲೆ ತಮ್ಮ ತಾಯಿಯ ಮಾತು ತೆಗೆದರು. ಆಕೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಮಗಳನ್ನು ಓದಿಸಿದವಳು. "ನಾಕು ಮಂದಿ ಹೆಣಮಕ್ಕಳಿಗೆ ಒಂದ ಹೊತ್ತಿಗೆ ಎಲಿ, ತಂಬಾಕು ಕೊಟ್ರಿ ಅಂತ ತಿಳೀರಿ. ಮೊದಲು ನಮ್ಮವ್ವಗ ಕೊಟ್ರಿ. ಹಂಗಂತ ಬುಟ್ಟ್ಯಾಗ ಮೊದಲು ಬೀಳೂದು ನಮ್ಮವ್ವನ ಕಟ್ಟ ಆಗಬೇಕಂತೇನಿಲ್ಲ. ಆಕಿ ಎಲಿ ದೊಡ್ಡದಿರಬಹುದು, ನಡುವ ಕೂಸು ಅತ್ತಿರಬಹುದು. ಕೊಟ್ಟ ಪಾಳಿ ಬ್ಯಾರೆ, ಮುಗದ ಪಾಳಿ ಬ್ಯಾರೆ. ಕೊಟ್ಟ ಪಾಳಿನೇ ಬೇಕಂದ್ರ ಒಂದೊಂದು ಕಟ್ಟಿಗೂ ನಂಬರಿನ ಚೀಟಿ ಕಟ್ಟಬೇಕು. ಒಂದನೇದು ಬರೂತನಕಾ ಎರಡನೇದನ್ನ ಕೈಯಾಗ ಹಿಡ್ಕೊಂಡು ಕುಂದ್ರಬೇಕು. ಆ ಹಿಡ್ಕೊಂಡು ಕಾಯುವ ಭಾಗಾ ಬರೀಬೇಕು. ಆಮ್ಯಾಲ ನಿಮ್ಮ ಕಾರ್ಯಾಲಯಕ್ಕ ಬಂದು, ಎಲ್ಲಾ ಮಿಷನ್ ಹಚ್ಚಿ ಪರೀಕ್ಷಾ ಮಾಡಬೇಕು. ಎಲ್ಲಾ ಕೂಡಿ ಇಪ್ಪತ್ತು."

"ಇದು ಕಾಯೂದು ಬ್ಯಾಡಂತನ ನಾ ಬಂದೇನಿ. ಕಾಯೂದಕ್ಕ ಮತ್ತ ರೊಕ್ಕಾ ಕೊಡಬೇಕಾ?"

ಹತ್ತು ಹೆಸರು ಹಾಕಿ ನೋಡೋಣ ಅಂದೆ. ಅವರ ಮನೆಯ ಕಂಪ್ಯೂಟರಿನಲ್ಲಿ ನಾಲ್ಕು ಕೆಲಸ ಒಮ್ಮೆಲೇ ಓಡಿಸಿದರು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹತ್ತೂ ಹೆಸರು ಬಂದವು, ಬರೆದ ಪಾಳಿಯಲ್ಲೇ. ಇನ್ನೊಮ್ಮೆ ಅಂದೆ. ಸರಿ ಬಂತು. ಮತ್ತೊಮ್ಮೆ. ಸರಿ.

"ಮೂರು ಸಲ ಸರಿ ಬಂದದ್ದು ನಾಕನೇ ಸಲ ಯಾಕ ತಪ್ಪತೈತಿ ಮೇಡಂ? ಎತ್ತು ಕೊಳ್ಳುವಾಗ ನಾವು ಎರಡ ಸುತ್ತು ನಡಸಿ ನೋಡ್ತೇವಿ."

"ನೊಗಾ ಹಾಕಿ ನಡಸ್ತೀರಿ ಇಲ್ಲೋ ಕಾಕಾ? ಖಾಲಿ ಎತ್ತು ಎಲ್ಲಾ ಚಂದನ ನಡೀತಾವ."

ಒಳ್ಳೆಯ ಮಾತು ಎನಿಸಿತು. ಒಳ್ಳೆಯ ಮಾತು ಆಡುವವರ ಹತ್ತಿರ ಚೌಕಾಸಿ ಮಾಡುವುದು ಇನ್ನೂ ಸುಲಭ. ಅವರು ಜಗಳಕ್ಕೆ ಬರುವುದಿಲ್ಲ. ಹದಿನಾಲ್ಕಕ್ಕೆ ಮುಗಿಸಿದೆ. ಕಾಯುವ ಭಾಗವೂ ಬೇಡ, ಕಾರ್ಯಾಲಯದ ಪರೀಕ್ಷೆಯೂ ಬೇಡ. ಮೇಡಂ ರಸೀದಿಯ ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಬರೆದರು: ಪಾಳಿಯ ಖಾತ್ರಿ ಇಲ್ಲ. ಓದಿ, ಮಡಿಸಿ, ಕಿಸೆಯಲ್ಲಿಟ್ಟೆ. ಸೈಕಲ್ ಮಾರುವವನೂ ಟಯರಿಗೆ ಖಾತ್ರಿ ಇಲ್ಲ ಅನ್ನುತ್ತಾನೆ.

ಆ ಪ್ರೋಗ್ರಾಮನ್ನು ಮೊದಲು ಹಚ್ಚಿದ್ದು ನನ್ನ ಮಗಳ ಮದುವೆಯಲ್ಲೇ. ಪರರ ಮದುವೆಯಲ್ಲಿ ಹಚ್ಚಿ ನೋಡಬಹುದಿತ್ತು. ಆದರೆ ಹೊಸ ಸಾಮಾನಿನ ಮೊದಲ ಮಾನ ಮನೆಗೇ ಇರಲಿ ಎಂಬ ಆಸೆ.

ನನ್ನ ಹೆಂಡತಿಗೂ ಒಂದು ಆಸೆ ಇತ್ತು. ಉಳಿದವರದೆಲ್ಲ ಮೊಬೈಲಿನಿಂದ ತೆಗೆದ ಸಣ್ಣ ಫೋಟೋಗಳು. ಅಣ್ಣನದು ಮಾತ್ರ ಹಳೆಯ ಫೋಟೋ: ತಲೆಗೆ ಗುಲಾಬಿ ಪಟಗಾ ಸುತ್ತಿಕೊಂಡು, ಮೊದಲ ವರ್ಷದ ದ್ರಾಕ್ಷಿ ಬಳ್ಳಿಯ ಕೆಳಗೆ ನಿಂತದ್ದು. ಅದು ಪರದೆಯ ಮೇಲೆ ದೊಡ್ಡದಾಗಿ, ಸ್ವಚ್ಛವಾಗಿ ಬರಬೇಕೆಂದು ತಾನೇ ಅಥಣಿಗೆ ಹೋಗಿ ಸ್ಟುಡಿಯೋದವನ ಹತ್ತಿರ ಕೂತು, ಇದ್ದದ್ದರಲ್ಲೇ ಎಲ್ಲಕ್ಕಿಂತ ದೊಡ್ಡ ಅಳತೆಯಲ್ಲಿ ಕಂಪ್ಯೂಟರಿಗೆ ತುಂಬಿಸಿಕೊಂಡು ಬಂದಳು. ಗೋಡೆಗೆ ಹಾಕಲು ಕಟ್ಟು ಹಾಕಿಸಿದ ಒಂದು ಪ್ರತಿಯನ್ನೂ ತಂದಳು.

ಮದುವೆಯ ದಿನ ಅಕ್ಷತೆ ಬೀಳುವಾಗ ಮಾಮಾ ಸೋದರಸೊಸೆಯ ಬೆನ್ನ ಹಿಂದೆ ನಿಂತಿದ್ದ. ಆಮೇಲೆ ಬಂದು ಮೊದಲ ಸಾಲಿನ ಮೊದಲ ಕುರ್ಚಿಯಲ್ಲಿ ಕೂತ. ಮೈಕಿನವನು ಮಿರಜ ಕಡೆಯವನು. ನಮ್ಮಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದು ಅವನಿಗೆ ತಿಳಿಯದು. ನಾನು ಗುಂಡಿ ಒತ್ತಿಸಿದೆ. ಅದೇ ಕಂಪ್ಯೂಟರು ಕ್ಯಾಮರಾದ ಚಿತ್ರವನ್ನು ಪರದೆಗೆ ಕಳಿಸುತ್ತಿತ್ತು, ಹಾಡು ಹಚ್ಚಿತ್ತು. ಸುರುಳಿ ಜರ್ರೆಂದು ಬಂತು. ಕಾರ್ಯಾಲಯದ ಹುಡುಗರು ಹರಿದು ಮೈಕಿನವನ ಕೈಗೆ ಕೊಟ್ಟರು. ನಾನು ಬೀಗರ ಜೊತೆ ನಿಂತಿದ್ದೆ, ಓದಲಿಲ್ಲ.

ಮೈಕಿನಲ್ಲಿ "ಪ್ರಥಮ ಮಾನ" ಎಂದ ಕೂಡಲೇ ಮಾಮಾ ಪಟಗಾ ಸರಿಮಾಡಿಕೊಂಡು ಕುರ್ಚಿಯ ಕೈಗೆ ಕೈ ಊರಿ ಅರ್ಧ ಎದ್ದ. ಹೆಸರು ಬಂದದ್ದು ಚಿಕ್ಕೋಡಿಯ ಸಿಮೆಂಟ್ ಅಂಗಡಿಯವನದು.

ಮಾಮಾ ಕೂತ. ಎರಡನೆಯ ಹೆಸರಿಗೆ ಮತ್ತೆ ಕುರ್ಚಿಯ ಕೈ ಹಿಡಿದ, ಏಳಲಿಲ್ಲ. ಮೂರನೆಯದು ನಮ್ಮ ಮಂಟಪದ ಹೂವಿನವನು. ನಾನು ಮೈಕಿನ ಕಡೆ ಓಡುವಷ್ಟರಲ್ಲಿ ಬೀಗರ ದಂಡು ವೇದಿಕೆ ಹತ್ತಿ ದಾರಿ ಕಟ್ಟಿತ್ತು. ಹನ್ನೊಂದನೆಯ ಹೆಸರು ಅವನದಾಯಿತು. ಪರದೆಯ ತುಂಬ ಗುಲಾಬಿ ಪಟಗಾದ ಮುಖ, ಬಳ್ಳಿಯ ಎಲೆ ಎಣಿಸಬಹುದಾದಷ್ಟು ಸ್ವಚ್ಛ. "ವಧುವಿನ ಸೋದರಮಾವನವರು ಎಲ್ಲಿದ್ದರೂ ವೇದಿಕೆಗೆ ಬರಬೇಕು" ಎಂದು ಮೂರು ಸಲ ಕೂಗಿದರು. ಮೊದಲ ಸಾಲಿನ ಕುರ್ಚಿ ಖಾಲಿ ಇತ್ತು. ಉಣ್ಣದೆ ಹೋಗಿದ್ದ. ನನ್ನ ಹೆಂಡತಿ ಟವಲು, ಕಾಯಿ ಹಿಡಿದ ತಾಟಿನೊಂದಿಗೆ ವೇದಿಕೆಯ ಮೇಲೆ ನಿಂತೇ ಇದ್ದಳು.

ಮೂರನೆಯ ದಿನ ಮೇಡಂ ಅವರನ್ನು ಕರೆಸಿದೆ, ಬೈಯಲೆಂದು. ಅವರು ಬೈಗುಳವನ್ನೆಲ್ಲ ಕೇಳಿ, ಆಮೇಲೆ ಕಂಪ್ಯೂಟರ್ ಮುಂದೆ ಕೂತರು. ಅದೇ ಪಟ್ಟಿ, ಅದೇ ಗುಂಡಿ. ಹಾಡು, ಕ್ಯಾಮರಾ ಎಲ್ಲ ಹಚ್ಚಿ ಒತ್ತಿದರೆ ಮಾಮಾ ಒಂಬತ್ತನೆಯವನು. ಇನ್ನೊಮ್ಮೆ ಒತ್ತಿದರೆ ಏಳನೆಯವನು. ಮತ್ತೊಮ್ಮೆ ಹನ್ನೆರಡು. ದೊಡ್ಡ ಫೋಟೋ ತೆಗೆದು, ಹಾಡು ಕ್ಯಾಮರಾ ಆರಿಸಿದರೆ ಒಂದನೆಯವನು. ಪಟ್ಟಿಯ ಒಂದಕ್ಷರವೂ ಬದಲಾಗಿರಲಿಲ್ಲ.

"ತಪ್ಪು ಎಲ್ಲೈತಿ ಹಂಗಾದ್ರ?" ಅಂದೆ.

"ಇದರೊಳಗ ಕಬ್ಬು ಕಡಿಯುವ ಗ್ಯಾಂಗಿನ ಮೇಲಿನ ಮುಕಾದಮ ಇದ್ದಂಗ ಒಬ್ಬ ಇರ್ತಾನ್ರಿ ಕಾಕಾ. ಎಲ್ಲಾ ಕೆಲಸಕ್ಕೂ ಸ್ವಲ್ಪ ಸ್ವಲ್ಪ ಹೊತ್ತು ಮಿಷನ್ ಹಂಚತಾನ. ಹೊತ್ತು ಮುಗೀತಂದ್ರ ಅರ್ಧಕ್ಕ ಎಬ್ಬಿಸಿ ಇನ್ನೊಬ್ಬರನ್ನ ಕುಂದ್ರಸ್ತಾನ. ಮಿಷನ್ ಖಾಲಿ ನಿಂದರಬಾರದು, ಯಾರೂ ಉಪವಾಸ ಬೀಳಬಾರದು, ಅಷ್ಟ ಅವನ ಲೆಕ್ಕ. ಯಾರು ಸೋದರಮಾವ, ಯಾರು ಹೂವಿನವ, ಅವಗ ಗೊತ್ತಿಲ್ಲ. ಮಾಮಾರ ಕೆಲಸಾನ ಮೊದಲು ಚಾಲೂ ಆಗೈತಿ. ಫೋಟೋ ದೊಡ್ಡದಿತ್ತು, ಪಾಳಿ ಭಾಳ ಬೇಕಾದವು. ನಡುವ ಹಾಡು ಬಂತು, ಕ್ಯಾಮರಾ ಬಂತು, ಸಣ್ಣ ಫೋಟೋದವರು ಬಂದು ಮುಗಿಸಿಕೊಂಡು ಹ್ವಾದ್ರು. ಮುಗದವರದು ಮುಗದಂಗ ಅಚ್ಚಾತು. ಹಿಡ್ಕೊಂಡು ಕಾಯೂದು ನೀವ ಬ್ಯಾಡಂದ್ರಿ."

ಮೇಡಂ ಅದನ್ನು ಚುಚ್ಚಲಿಕ್ಕೆ ಹೇಳಲಿಲ್ಲ. ಹೇಳಿ, ದುಡ್ಡು ಕೇಳದೆ ಆ ಭಾಗವನ್ನು ಅಲ್ಲೇ ಕೂತು ಬರೆಯತೊಡಗಿದರು. ನನಗೆ ಮಾತ್ರ ಇನ್ನೊಂದು ಹೊಳೆಯಿತು. ಬೇರೆ ಬೇರೆ ಪಾಳಿ ಬಂದ ಆ ಸುರುಳಿಗಳನ್ನೆಲ್ಲ ಮಡಿಸಿ ಇಟ್ಟುಕೊಂಡೆ. ಸಾಕ್ಷಿ ಸಿಕ್ಕಿತು. ಒಂದು ರೇಷ್ಮೆ ಪಟಗಾ ಕೊಂಡು, ಮರುದಿನ ಕುಡಚಿಯ ಹೊಳೆ ದಾಟಿ ಮಂಗಸೂಳಿಗೆ ಹೋದೆ. ನನ್ನ ಹೆಂಡತಿ ಬರುತ್ತೇನೆಂದಳು. ವ್ಯವಹಾರ ಗಂಡಸರು ಮುಗಿಸುತ್ತೇವೆ, ನೀನು ಆಮೇಲೆ ಬಾ, ಅಂದೆ.

ಮಾಮಾ ತೋಟದಲ್ಲಿದ್ದ. ಸುರುಳಿಗಳನ್ನು ಕಟ್ಟೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಕಲ್ಲಿಟ್ಟು, ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಮುಕಾದಮ, ಪಾಳಿ, ಎಲ್ಲ. ಅವನು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದ.

"ಇದರಾಗ ನಾ ಒಂಬತ್ತನೇದವ. ಇದರಾಗ ಏಳು. ಇದರಾಗ ಹನ್ನೆರಡು." ಕೊನೆಯದನ್ನು ಎತ್ತಿ ಹಿಡಿದ. "ಇದರಾಗ ಒಂದನೇದವ ಅದೇನಲ್ರಿ."

"ಅದನ್ನ ಹೇಳಾಕತ್ತೇನಿ ಮಾಮಾ. ಕಂಪ್ಯೂಟರ್ ಒಂದೊಂದು ಸಲ ಒಂದೊಂದು ನಮೂನಿ ಮಾಡತೈತಿ. ನಂದೇನೂ ತಪ್ಪಿಲ್ಲ."

"ಕಂಪ್ಯೂಟರಿಗೆ ನಾ ಯಾರಂತ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತಲ್ರಿ, ದಾಜಿ?"

ಅಲ್ಲಿ ನಾನು ಸುಮ್ಮನಾಗಬೇಕಿತ್ತು. ಆದರೆ ಬಾಯಿಗೆ ಚಟ. ಮುಂದಿನ ತಿಂಗಳು ಕಾರ್ಯಾಲಯದಲ್ಲಿ ಮಂದಿ ಕೂಡಿಸುತ್ತೇನೆ, ವಾಲಗ ಊದಿಸಿ ಮೊದಲ ಮಾನ ಕೊಡುತ್ತೇನೆ, ರೇಷ್ಮೆ ಪಟಗಾ ಇಗೋ ಇಲ್ಲೇ ಇದೆ, ಎಂದೆ. ಅವನು ಪಟಗಾವನ್ನು ಮುಟ್ಟಲಿಲ್ಲ.

"ಇದು ಹಂಡೇದ ಬಾಡಗಿ ಅಲ್ರಿ. ಚಹಾ ಕುಡದು ಹೋಗ್ರಿ."

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. "ಏನಂದ ಅಣ್ಣಾ?" ಸೋತು ಬಂದವನಿಗೆ ಯಾರಾದರೊಬ್ಬರು ಬೇಕಾಗುತ್ತಾರೆ. "ನಿನ್ನ ಫೋಟೋದಿಂದನ ಆಗಿದ್ದು ಇದೆಲ್ಲಾ" ಅಂದೆ. "ಅಷ್ಟ ದೊಡ್ಡ ಫೋಟೋ ತುಂಬಿಸು ಅಂತ ಯಾರು ಹೇಳಿದ್ರು ನಿನಗ? ಅದಕ್ಕ ತಡಾ ಆತು ಅಂತ ಮೇಡಂ ಹೇಳಿದ್ರು."

ಮೇಡಂ ಹೇಳಿದ್ದರಲ್ಲಿ ಅರ್ಧ ಅದು. ಉಳಿದರ್ಧವನ್ನು ನಾನು ಹೇಳಲಿಲ್ಲ. ಅವಳು ಒಳಗೆ ಹೋಗಿ ಗೋಡೆಯ ಫೋಟೋ ಇಳಿಸಿ, ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಆಮೇಲೆ ಯಾರಾದರೂ ಮದುವೆಯ ಮಾತೆತ್ತಿದರೆ "ನಂದ ತಪ್ಪಾತ್ರಿ, ನಂಗ ತಿಳೀಲಿಲ್ಲ" ಅನ್ನುವುದನ್ನು ಕಲಿತಳು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.

ಪ್ರತಿ ನಾಗರ ಪಂಚಮಿಗೆ ಹಬ್ಬದ ಹಿಂದಿನ ದಿನ ಮಾಮಾ ಒಂದು ಸ್ಟೀಲಿನ ಡಬ್ಬಿ ತುಂಬ ಸಿಹಿ ಉಂಡಿ ತಂದು, ಒಂದು ಹೊತ್ತು ಉಂಡು, ತಂಗಿಯನ್ನು ತವರಿಗೆ ಕರೆದುಕೊಂಡು ಹೋಗುತ್ತಿದ್ದ. ನಮ್ಮ ಮದುವೆಯಾದಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಆ ವರ್ಷವೂ ಅವಳು ಚೀಲ ತುಂಬಿ, ತಲೆ ಬಾಚಿ, ಜಗಲಿಯ ಮೇಲೆ ಕೂತಳು. ಕುಡಚಿಯಿಂದ ಬಂದ ಬಸ್ಸುಗಳೆಲ್ಲ ಹೋದವು.

"ಒಂದು ಫೋನ್ ಮಾಡ್ರಿ ನೀವು. ನಿಮ್ಮಿಂದ ಮಾತು ಹೋದ್ರ ಬರತಾನ."

"ಅವನ ಮಾಡ್ಲಿ. ಮೊದಲು ಬಾಯಿ ಬಿಟ್ಟಾಂವ ಸೋತಂಗ."

ವ್ಯಾಪಾರದಲ್ಲಿ ನನ್ನನ್ನು ಮೇಲೆತ್ತಿದ ಸೂತ್ರ ಅದು. ದನದ ಸಂತೆಯಲ್ಲಿ, ಸಿಮೆಂಟ್ ಅಂಗಡಿಯಲ್ಲಿ, ಎಲ್ಲ ಕಡೆ ಗೆಲ್ಲಿಸಿದೆ. ಅವಳು ಚೀಲದಿಂದ ಸೀರೆಗಳನ್ನು ತೆಗೆದು ಮತ್ತೆ ಮಡಿಸಿಟ್ಟಳು.

ದ್ರಾಕ್ಷಿ ಕಟಾವಿನ ಹಂಗಾಮಿನಲ್ಲಿ ಒಂದು ಮುಂಜಾನೆ ಫೋನು ಬಂತು. ಮಾಮಾ ಬಳ್ಳಿಯ ಸಾಲಿನಲ್ಲಿ ಬುಟ್ಟಿ ಹಿಡಿದುಕೊಂಡೇ ಕುಸಿದಿದ್ದನಂತೆ. ಮಿರಜಕ್ಕೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಫೋನು ಮಾಡಿದ ಅವನ ಹೆಂಡತಿ ಕೊನೆಗೆ ಹೇಳಿದ್ದು: "ನಾದಿನಿಗೆ ಆ ದೊಡ್ಡ ಫೋಟೋ ತರಾಕ ಹೇಳ್ರಿ. ಮಾಲೀ ಹಾಕಾಕ ನಮ್ಮ ಮನ್ಯಾಗ ಅವರದು ಒಂದೂ ಚಲೋ ಫೋಟೋ ಇಲ್ಲ."

ಅವಳು ಟ್ರಂಕು ತೆಗೆದು ಫೋಟೋವನ್ನು ಸೀರೆಸಮೇತ ಎತ್ತಿಕೊಂಡಳು. ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಹೊಳೆಯ ಸೇತುವೆಯ ಮೇಲೆ ನಾನು ಗಾಡಿ ನಿಲ್ಲಿಸಿದೆ.

"ಫೋಟೋದ ತಪ್ಪಲ್ಲ ಅದು" ಅಂದೆ. "ಕಾಯುವ ಭಾಗಾ ಒಂದಿತ್ತು. ಮೇಡಂ ಬರೀತೇನಿ ಅಂದಿದ್ರು. ಆರು ಸಾವಿರ ಉಳೀತೈತಂತ ನಾನ ಬ್ಯಾಡಂದೆ. ಅದು ಇದ್ದಿದ್ರ ಫೋಟೋ ಎಷ್ಟ ದೊಡ್ಡದಿದ್ರೂ ಮಾಮಾನ ಹೆಸರು ಮೊದಲು ಬರತಿತ್ತು."

ಅವಳು ಫೋಟೋದ ಮೇಲಿಂದ ಜಾರಿದ ಸೀರೆಯನ್ನು ಮತ್ತೆ ಸುತ್ತಿದಳು.

"ಪಂಚಮಿ ದಿನ ಹೇಳಿದ್ರ ನಾನ ಹೋಗತಿದ್ನಲ್ರಿ" ಅಂದಳು. "ನನ್ನ ತಪ್ಪಂತ ತಿಳಕೊಂಡು ಮುಖಾ ತೋರ್ಸಾಕ ಅಂಜಿ ಕುಂತೆ. ನಡೀರಿ, ಮಣ್ಣಿಗೆ ತಡಾ ಆಗತೈತಿ."

ಮಂಗಸೂಳಿಯಲ್ಲಿ ಮಣ್ಣಾದ ಮೇಲೆ ಅವನ ಹೆಂಡತಿ ನಮ್ಮ ಮುಂದೆ ಆ ಸ್ಟೀಲಿನ ಡಬ್ಬಿ ತಂದಿಟ್ಟಳು, ಖಾಲಿಯದು. "ಪಂಚಮಿ ಹಿಂದಿನ ದಿನ ಇದನ್ನ ತುಂಬಿಸ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ರು. ಎರಡು ಬಸ್ಸು ಬಿಟ್ರು. ದಾಜಿದೊಂದು ಫೋನ್ ಬರಲಿ, ಹತ್ತಿ ಬಿಡ್ತೇನಿ ಅಂತ ಕುಂತಿದ್ರಂತ. ಮೂರನೇದೂ ಹೋದ ಮ್ಯಾಲ ಮನಿಗೆ ಬಂದ್ರು. ಉಂಡಿ ಒಂದೂ ಬಾಯಿಗಿಡಲಿಲ್ಲ, ಓಣಿ ಮಕ್ಕಳಿಗೆ ಹಂಚಿಬಿಟ್ರು."

ಆವತ್ತು ಸುರುಳಿಗಳನ್ನು ಹರಡಿದ ಕಟ್ಟೆಯ ಮೇಲೆಯೇ ಫೋಟೋ ಇಟ್ಟಿದ್ದರು. ಮಾಲೆ ಹಾಕಲು ಮನೆಯವರು ಪಾಳಿ ಹಚ್ಚಿ ನಿಂತರು. ಮೊದಲು ತಂಗಿ. ನಾನು ಕೊನೆಗೆ ನಿಂತೆ. ಯಾರೂ ಮುಂದೆ ಬಾ ಅನ್ನಲಿಲ್ಲ.

ಈಗ ಪಂಚಮಿ ಬಂದರೆ ಅವಳು ಆ ಡಬ್ಬಿಯಲ್ಲಿ ತಾನೇ ಉಂಡಿ ಕಟ್ಟಿ ತುಂಬುತ್ತಾಳೆ. ತವರಿಗೆ ಹೋಗುವುದಿಲ್ಲ. ಕರೆಯುವವನು ಇಲ್ಲದ ಮೇಲೆ ಎಲ್ಲಿಗೆ ಹೋಗಲಿ, ಅನ್ನುತ್ತಾಳೆ. ನನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಅದನ್ನಾದರೂ ಇಳಿಸಲು ನೋಡುತ್ತಿದ್ದೆ. ಮೇಡಂ ಸೇರಿಸಿಕೊಟ್ಟ ಕಾಯುವ ಭಾಗ ಚೆನ್ನಾಗಿ ನಡೆದಿದೆ. ಅಂದಿನಿಂದ ನನ್ನ ಕಾರ್ಯಾಲಯದಲ್ಲಿ ಒಬ್ಬರ ಮಾನದ ಪಾಳಿಯೂ ತಪ್ಪಿಲ್ಲ. ಅದರಿಂದ ಆಗುವ ತಡ ಎಷ್ಟು ಗೊತ್ತೆ? ಕಣ್ಣಿಗೆ ಹತ್ತುವಷ್ಟೂ ಇಲ್ಲ.

ನೀವೂ ಇಂಥದ್ದನ್ನು ಮಾಡಿಸುವವರಿದ್ದರೆ ಕೇಳಿ. ಬೇಗ ಆಗಲೆಂದು ಒಂದು ಕೆಲಸವನ್ನು ನಾಲ್ಕು ಕೈಗೆ ಹಂಚಿದರೆ, ಹಂಚಿದ ಪಾಳಿಯಲ್ಲೇ ಮುಗಿದು ಬರುತ್ತದೆಂದು ನಂಬಬೇಡಿ. ಮೂರು ಸಲ ಸರಿ ಬಂದರೂ ನಂಬಬೇಡಿ. ಪಾಳಿ ಬೇಕಿದ್ದರೆ ಮೊದಲೇ ನಂಬರು ಕಟ್ಟಿಸಿ, ಜೋಡಿಸುವ ಕೂಲಿಯನ್ನು ಪೂರ್ತಿ ಕೊಡಿ. ಬಣ್ಣದಲ್ಲಿ, ಪರದೆಯಲ್ಲಿ, ಚಹಾದಲ್ಲಿ ಬೇಕಾದರೆ ಇಳಿಸಿಕೊಳ್ಳಿ. ಪರೀಕ್ಷೆಯನ್ನು ನೊಗ ಹಾಕಿಯೇ ಮಾಡಿಸಿ: ಹಾಡು, ಕ್ಯಾಮರಾ ಎಲ್ಲ ಹಚ್ಚಿ, ಇರುವುದರಲ್ಲೇ ದೊಡ್ಡ ಫೋಟೋ ಹಾಕಿ. ಸುರುಳಿ ಮೈಕಿಗೆ ಹೋಗುವ ಮುಂಚೆ ಮನೆಯ ಹೆಂಗಸರೊಬ್ಬರ ಕೈಗೆ ಕೊಡಿ; ಯಾರು ಯಾರಿಗೆ ಏನೆಂದು ಅವರಿಗೆ ಬಾಯಿಪಾಠ ಇರುತ್ತದೆ. ಇಷ್ಟೆಲ್ಲ ಮಾಡಿಯೂ ತಪ್ಪಿದರೆ, ಆವತ್ತೇ ಮೈಕು ಕಸಿದುಕೊಂಡು ನಿಮ್ಮ ತಪ್ಪೆಂದು ಹೇಳಿಬಿಡಿ. ಅದೂ ಆಗದಿದ್ದರೆ ಮರುದಿನ ಮೊದಲ ಬಸ್ಸಿಗೆ ಹೋಗಿ. ಫೋನಿಗೆ ಕಾಯಬೇಡಿ. ಸಾಕ್ಷಿಯ ಕಾಗದ ಒಯ್ಯಬೇಡಿ, ರೇಷ್ಮೆ ಪಟಗಾ ಒಯ್ಯಬೇಡಿ. ಹೆಂಡತಿಯನ್ನು ಕರೆದುಕೊಂಡು ಹೋಗಿ.